ಬಲ ಮೇಲ್ಮೂಲೆಯ ಗುರುತು

ಆಪರೇಟರ್ ಮೂವತ್ತನಾಲ್ಕು ವರ್ಷ ದಿನಕ್ಕೆ ನಾಲ್ಕಾಟದಂತೆ ಸಿನಿಮಾ ನೋಡಿದ್ದರು. ಆದರೆ ಒಂದೇ ಒಂದು ಸಿನಿಮಾದ ಕಥೆಯೂ ಅವರಿಗೆ ಗೊತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಂಬುತ್ತಿರಲಿಲ್ಲ. ನಂಬದವರು ಒಂದು ದಿನ ಆ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಕೂತು ನೋಡಬೇಕಿತ್ತು. ಒಂದು ರೀಲು ಓಡುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅದು ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಸಣ್ಣ ಗುರುತು ಮಿಂಚಿ ಮಾಯವಾಗುತ್ತದೆ. ಆಗ ಪಕ್ಕದ ಪ್ರೊಜೆಕ್ಟರನ್ನು ಶುರು ಮಾಡಬೇಕು. ಏಳು ಸೆಕೆಂಡು ಬಿಟ್ಟು ಇನ್ನೊಂದು ಗುರುತು. ಆಗ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ನಡುವೆ ಆಕಳಿಸಿದಿರೋ, ಕೆಲಸ ಕೆಟ್ಟಿತು: ಪರದೆ ಕಪ್ಪು, ಕೆಳಗೆ ಐನೂರು ಜನರ ಶಿಳ್ಳೆ, ಜೊತೆಗೆ ನಿಮ್ಮ ತಾಯಿ ತಂದೆಯರ ವಿಚಾರವಾಗಿ ನಾಲ್ಕು ಮಾತು.

ಹೀಗಾಗಿ ಆಪರೇಟರ್ ನೋಡಿದ್ದೆಲ್ಲ ಆ ಮೂಲೆಯನ್ನೇ. ನಾಯಕ ಬೆಟ್ಟದಿಂದ ಉರುಳಿದರೂ ನಾಯಕಿ ಕಾಗದ ಹರಿದರೂ ಅವರ ಪಾಲಿಗೆ ಅದು ಮೂಲೆಯ ಆಚೆ ನಡೆಯುವ ಗಲಾಟೆ. ‘ಆ ಪಿಕ್ಚರಾ? ಏಳನೇ ರೀಲಿನ ಕೊನೇಲಿ ಒಂದು ಕಿಟಕಿ ಬರುತ್ತೆ’ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಿದರೆ ಸಿಡುಕುತ್ತಿದ್ದರು.

ಅಷ್ಟು ವರ್ಷಗಳಲ್ಲಿ ಅವರಿಗೆ ಗುರುತು ತಪ್ಪಿದ್ದು ಒಂದೇ ಸಲ. ಮಗಳು ಹುಟ್ಟಿದ ಸುದ್ದಿಯನ್ನು ಗೇಟ್ ಕೀಪರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಹೇಳಿದ. ಇವರು ತಿರುಗಿ ನೋಡಿದರು. ಪರದೆ ನಾಲ್ಕು ಸೆಕೆಂಡು ಕಪ್ಪಾಯಿತು. ಆ ನಾಲ್ಕು ಸೆಕೆಂಡಿನ ಕಥೆಯನ್ನು ಅವರು ಈಗಲೂ ತಲೆ ತಗ್ಗಿಸಿಕೊಂಡೇ ಹೇಳುತ್ತಾರೆ. ಅವತ್ತು ಆಸ್ಪತ್ರೆಯಲ್ಲಿ ಹನ್ನೊಂದು ಗಂಟೆ ಒಬ್ಬರೇ ನೋವು ತಿಂದ ಹೆಂಡತಿ, ಆ ಕಥೆ ಶುರುವಾದ ಕೂಡಲೇ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾರೆ.

ಆಮೇಲೆ ಟಾಕೀಸು ಮುಚ್ಚಿತು. ಮಾಲೀಕರು ಟಿಕೆಟ್ ಕೌಂಟರಿನ ಹಳೇ ಮಾನಿಟರನ್ನೂ ಕ್ಯಾಬಿನ್ನಿನ ಮೂರು ಕಾಲಿನ ಸ್ಟೂಲನ್ನೂ ಆಪರೇಟರ ಕೈಗಿಟ್ಟು, ‘ಇನ್ನು ಮನೇಲಿ ಆರಾಮಾಗಿರಿ’ ಎಂದರು. ಆರಾಮಾಗಿರುವುದು ಎಂಥ ಶಿಕ್ಷೆಯೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಹಾಲು ಕಾಯಿಸುವಾಗ ಹೆಂಡತಿಯ ಹಿಂದೆ ನಿಂತು ‘ಉಕ್ಕೋಕೆ ಇನ್ನು ಏಳು ಸೆಕೆಂಡು’ ಎನ್ನುವುದು, ತೊಳೆದ ಬಟ್ಟೆಯನ್ನು ಅಳತೆ ಹಿಡಿದು ಒಣಹಾಕುವುದು, ಗಡಿಯಾರಕ್ಕೆ ಗಡಿಯಾರ ಸರಿಹೊಂದಿಸುವುದು. ಮೂರನೆಯ ತಿಂಗಳಿಗೆ ಹೆಂಡತಿಯ ತಾಳ್ಮೆ ತಳ ಕಂಡಿತು.

‘ನೋಡಮ್ಮಾ, ನಿಮ್ಮಪ್ಪನಿಗೆ ಏನಾದ್ರೂ ಕೆಲಸ ಕೊಡು. ಇಲ್ದಿದ್ರೆ ನನಗೆ ಬೇರೆ ಮನೆ ಹುಡುಕಿಕೊಡು’ ಎಂದು ಮಗಳಿಗೆ ಫೋನ್ ಮಾಡಿ ಹೇಳಿದರು.

ಮಗಳು ಮಕ್ಕಳ ಹಲ್ಲಿನ ಡಾಕ್ಟರು. ಎರಡು ಬೀದಿಯಾಚೆ ಅವಳ ಕ್ಲಿನಿಕ್ಕು. ಅಲ್ಲಿ ಕಾಯುವ ಕೋಣೆಯೆಂದರೆ ಕೋಣೆಯಲ್ಲ, ರಂಪ. ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿದ ಕೂಡಲೇ ಒಂದು ಮಗು ಕಿರುಚುತ್ತದೆ, ಅದನ್ನು ಕೇಳಿ ಇನ್ನೊಂದು, ಅವೆರಡನ್ನೂ ಕೇಳಿ ಯಾರದೋ ತಂದೆ ಮೆಲ್ಲಗೆ ಹೊರಗೆ ಜಾರಿಕೊಳ್ಳುತ್ತಾನೆ. ಕೌಂಟರಿನಲ್ಲಿ ಕೂರುವ ಹೆಂಗಸು ಎಲ್ಲರಿಗೂ ಹೇಳುವುದು ಒಂದೇ ಮಾತು, ‘ಐದೇ ನಿಮಿಷ’. ಅವಳ ಹೆಸರೇ ಐದುನಿಮಿಷ ಎಂದಾಗಿಬಿಟ್ಟಿತ್ತು. ‘ಅಪ್ಪ, ಮಕ್ಕಳಿಗೆ ಒಂದು ಕಾರ್ಟೂನ್ ಹಾಕಿ. ಅಳು ನಿಂತ್ರೆ ಸಾಕು’ ಎಂದಳು ಮಗಳು.

ಅವಳು ಹೇಳಿದ್ದು ಅಷ್ಟೇ, ಆಪರೇಟರಿಗೆ ಹೋದ ಜೀವ ಬಂದಂತಾಯಿತು. ಟಿವಿ ಬೇಡವೆಂದರು. ಟಿವಿಯನ್ನು ಯಾರು ಬೇಕಾದರೂ ಹಾಕುತ್ತಾರೆ, ಅದಕ್ಕೆ ಆಪರೇಟರ್ ಯಾಕೆ? ಪೇಟೆಗೆ ಹೋಗಿ ಇಸ್ಪೀಟು ಎಲೆಯಷ್ಟೇ ಅಗಲದ ಒಂದು ಪುಟ್ಟ ಕಂಪ್ಯೂಟರ್ ತಂದರು. ಒಂದೇ ಬೋರ್ಡು, ಮೈಮೇಲೆ ಬಟ್ಟೆಯಿಲ್ಲ, ನರನಾಡಿಯೆಲ್ಲ ಕಾಣುತ್ತದೆ. ಅದರ ವೀಡಿಯೋ ಬಾಯಿ ಚಪ್ಪಟೆ. ಟಾಕೀಸಿನ ಮಾನಿಟರಿಗೆ ಬೇಕಾದದ್ದು ಹದಿನೈದು ಸೂಜಿಯ ಹಳೇ ಪಿನ್ನು. ಇವೆರಡರ ನಡುವೆ ಮಾತು ಬೆಳೆಸಲು ಹೆಬ್ಬೆರಳು ಗಾತ್ರದ ಒಂದು ಅಡಾಪ್ಟರ್ ತಂದರು. ಬೋರ್ಡಿಗೆ ಕರೆಂಟು ಕೊಡಲು ಮನೆಯಲ್ಲೇ ಇದ್ದ ಹೆಂಡತಿಯ ಹಳೇ ಫೋನಿನ ಚಾರ್ಜರು ಸಾಕೆಂದರು.

ಕ್ಲಿನಿಕ್ಕಿನ ಮೆಟ್ಟಿಲಡಿ ಬಕೆಟ್ಟು ಪೊರಕೆ ಇಡುವ ಗೂಡಿತ್ತು. ಅದಕ್ಕೊಂದು ಪುಟ್ಟ ಕಿಟಕಿಯಿತ್ತು, ಕಿಟಕಿಯಿಂದ ಕಾಯುವ ಕೋಣೆಯ ಎದುರು ಗೋಡೆಗೆ ಅವರು ತಗುಲಿಸಿದ ಮಾನಿಟರ್ ನೇರ ಕಾಣುತ್ತಿತ್ತು. ಆಪರೇಟರ್ ಬಕೆಟ್ಟು ಪೊರಕೆಗಳನ್ನು ಒಕ್ಕಲೆಬ್ಬಿಸಿ ಬೋರ್ಡನ್ನು ಅಲ್ಲಿಟ್ಟು, ಗೋಡೆಗುಂಟ ಉದ್ದದ ಕೇಬಲ್ ಎಳೆದು, ಮೂರು ಕಾಲಿನ ಸ್ಟೂಲಿನ ಮೇಲೆ ಕೂತರು. ಚಿತ್ರ ಒಂದು ಕರಡಿಯದು. ಕರಡಿ ತನ್ನ ಕೊಡೆ ಕಳೆದುಕೊಂಡು ಹುಡುಕುತ್ತ ಹೋಗುತ್ತದೆ. ಒಂದೇ ಪೆನ್‌ಡ್ರೈವಿನ ಮೇಲೆ ಆಪರೇಟರಿಗೆ ನಂಬಿಕೆಯಿರಲಿಲ್ಲ. ಎರಡು ರೀಲಿನಂತೆ ಎರಡು ಪೆನ್‌ಡ್ರೈವಿನಲ್ಲಿ ಅರ್ಧರ್ಧ ತುಂಬಿಸಿಕೊಂಡು ಬಂದಿದ್ದರು.

ಸೋಮವಾರ ಬೆಳಗ್ಗೆ ಮೊದಲ ಆಟ. ಕರಡಿ ಕೊಡೆ ಕಳೆದುಕೊಂಡಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತವು. ಐದುನಿಮಿಷ ಕೂಡ ಫೋನು ಕಿವಿಗಿಟ್ಟುಕೊಂಡೇ ನೋಡತೊಡಗಿದಳು. ಹನ್ನೊಂದು ನಿಮಿಷ ಕಳೆದಿರಬೇಕು, ಪರದೆಯ ಬಲ ಮೇಲ್ಮೂಲೆಯಲ್ಲಿ ಹಳದಿ ಬಣ್ಣದ ಒಂದು ಸಣ್ಣ ಮಿಂಚಿನ ಗುರುತು ಮೂಡಿ ಮಾಯವಾಯಿತು.

ಆಪರೇಟರ ಮೈ ಜುಮ್ಮೆಂದಿತು. ಕೇಳಿ, ಅವರು ಎದ್ದು ನಿಲ್ಲಬೇಕೆಂದು ಯೋಚಿಸಲೇ ಇಲ್ಲ, ಕಾಲುಗಳೇ ಎದ್ದವು. ಇಷ್ಟು ಸಣ್ಣ ಯಂತ್ರ ಮಾಡಿದವರು ಕೂಡ ಹಳೇ ಪದ್ಧತಿ ಬಿಟ್ಟಿಲ್ಲವಲ್ಲ ಎಂದು ಅವರ ಕಣ್ಣು ತುಂಬಿಬಂತು. ಮೊದಲ ಪೆನ್‌ಡ್ರೈವ್ ಇರುವಂತೆಯೇ ಎರಡನೆಯದನ್ನು ಕೈಯಲ್ಲಿ ಹಿಡಿದು ಏಳು ಎಣಿಸಿದರು. ಮತ್ತೆ ಮಿಂಚು ಮೂಡಿತು. ಚುಚ್ಚಿದರು.

ಪರದೆ ಕಪ್ಪಾಯಿತು.

ಮಕ್ಕಳಿಗೆ ಶಿಳ್ಳೆ ಹಾಕಲು ಬರುವುದಿಲ್ಲ, ಅಳಲು ಚೆನ್ನಾಗಿ ಬರುತ್ತದೆ. ಹನ್ನೊಂದು ನಿಮಿಷ ತಡೆದಿದ್ದ ಅಳುವೆಲ್ಲ ಒಮ್ಮೆಗೇ ಕಟ್ಟೆಯೊಡೆದು ಬಂತು. ಒಳಗೆ ಡ್ರಿಲ್ಲು ನಿಂತಿತು. ಐದುನಿಮಿಷ ಎದ್ದು ನಿಂತು ‘ಐದೇ ನಿಮಿಷ, ಐದೇ ನಿಮಿಷ’ ಎಂದಳು. ಒಂದು ನಿಮಿಷ ಬಿಟ್ಟು ಬೋರ್ಡು ತಾನಾಗಿಯೇ ಎದ್ದು ಕೂತಿತು, ಕರಡಿ ಮತ್ತೆ ಮೊದಲಿನಿಂದ ಕೊಡೆ ಕಳೆದುಕೊಂಡಿತು. ಹನ್ನೊಂದು ನಿಮಿಷಕ್ಕೆ ಮತ್ತೆ ಮಿಂಚು, ಮತ್ತೆ ಕಪ್ಪು.

ತಾನು ಎಲ್ಲೋ ಒಂದು ಸೆಕೆಂಡು ತಡವಾಗುತ್ತಿದ್ದೇನೆ ಎಂದು ಆಪರೇಟರ್ ತೀರ್ಮಾನಿಸಿದರು. ವಯಸ್ಸಾಯಿತು, ಕೈ ಚುರುಕಿಲ್ಲ. ಅವತ್ತು ಮಧ್ಯಾಹ್ನ ಮನೆಯಲ್ಲಿ ಊಟದ ಮೇಜಿನ ಅಂಚಿಗೆ ಪೆನ್‌ಡ್ರೈವನ್ನು ಚುಚ್ಚಿ ಕಿತ್ತು, ಚುಚ್ಚಿ ಕಿತ್ತು ಅಭ್ಯಾಸ ಮಾಡಿದರು. ಹೆಂಡತಿ ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ನೋಡುತ್ತಿದ್ದರು. ಅವರ ಹಿಂದಿನ ದವಡೆಯ ಹಲ್ಲು ಹುಳುಕಾಗಿ ವರ್ಷವಾಗಿತ್ತು. ಮಗಳೇ ಹಲ್ಲಿನ ಡಾಕ್ಟರಾದರೂ, ಕೀಳಿಸುವ ಮಾತೆತ್ತಿದರೆ ಅವರಿಗೆ ಎಲ್ಲಿಲ್ಲದ ಕೆಲಸಗಳು ನೆನಪಾಗುತ್ತಿದ್ದವು.

‘ರೀ, ಮೇಜಿಗೆ ತೂತು ಬೀಳುತ್ತೆ’ ಎಂದರು.

ಮಂಗಳವಾರ ಆಪರೇಟರ್ ತನಿಖೆಗಿಳಿದರು. ಕೇಬಲ್ಲುಗಳನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದರು. ಮಾನಿಟರಿನ ಬೆನ್ನಿಗೆ ಎರಡು ಗುದ್ದಿದರು. ಅದನ್ನು ಕೌಂಟರಿನ ಹಳೇ ಕಂಪ್ಯೂಟರಿಗೆ ಹಾಕಿ ನೋಡಿದರೆ ಗಂಟೆಗಟ್ಟಲೆ ಉರಿಯಿತು, ಅಂದರೆ ಮಾನಿಟರ್ ಮುಗ್ಧ. ಕೊನೆಗೆ ಬೋರ್ಡನ್ನೂ ಅಡಾಪ್ಟರನ್ನೂ ಬೆರಳಿನಿಂದ ಮುಟ್ಟಿದರು. ಬೆಚ್ಚಗಿದ್ದವು! ಸಿಕ್ಕಿತು ಎಂದುಕೊಂಡರು. ಪ್ರೊಜೆಕ್ಟರಿನ ದೀಪದ ಗೂಡಿಗೆ ಗಾಳಿ ನಿಂತರೆ ಅರ್ಧ ನಿಮಿಷದಲ್ಲಿ ಫಿಲ್ಮು ಸುಟ್ಟು ಸುರುಟಿಹೋಗುವುದನ್ನು ಅವರು ಕಂಡಿದ್ದರು. ಶಾಖವೇ ಶತ್ರು. ಬೋರ್ಡಿನ ಯುಎಸ್‌ಬಿ ತೂತಿಗೇ ಸಿಕ್ಕಿಸುವ ಅಂಗೈಯಗಲದ ಒಂದು ಫ್ಯಾನು ತಂದರು. ಅಡಾಪ್ಟರಿನ ಡಬ್ಬಿಯಲ್ಲಿ ಯಾವುದಕ್ಕೋ ಬಂದಿದ್ದ ಒಂದು ಗಿಡ್ಡ ಕಪ್ಪು ವೈರು ಬಿದ್ದಿತ್ತು. ಅದರಲ್ಲಿ ಫ್ಯಾನನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದರು.

ಮಿಂಚು ಈಗ ಆರೇ ನಿಮಿಷಕ್ಕೆ ಬಂತು.

ಶತ್ರು ಬಲವಾಗಿದ್ದಾನೆ ಎಂದುಕೊಂಡು ಬುಧವಾರ ಎರಡನೆಯ ಫ್ಯಾನು ತಂದರು. ಮೂರು ನಿಮಿಷ. ಗುರುವಾರ ಮೂರನೆಯದು. ಸ್ವಿಚ್ ಒತ್ತಿದ ಕೂಡಲೇ ಮೂರು ಫ್ಯಾನುಗಳೂ ಒಮ್ಮೆ ನರಳಿದವು, ಪರದೆಯ ಮೇಲೆ ಕರಡಿಯ ಒಂದು ಕಿವಿ ಕಂಡಿತು, ಅಷ್ಟೇ. ಆ ಹೊತ್ತಿಗೆ ಒಳಗೆ ಅರ್ಧ ಕೊರೆದ ಹಲ್ಲೊಂದನ್ನು ಬಿಟ್ಟು ಮಗಳು ಹೊರಗೆ ಬಂದಳು. ಅವಳ ಮುಖದ ಮೇಲೆ ಮಾಸ್ಕಿತ್ತು, ಆದರೂ ಮಾಸ್ಕಿನ ಕೆಳಗಿನ ಮುಖ ಹೇಗಿದೆಯೆಂದು ಆಪರೇಟರಿಗೆ ತಿಳಿಯಿತು.

‘ಅಪ್ಪ, ಮೊದಲು ಬರೀ ಹಲ್ಲಿಗೆ ಅಳ್ತಿದ್ವು. ಈಗ ಕರಡಿಗೂ ಸೇರಿಸಿ ಅಳ್ತವೆ.’

‘ಇನ್ನೊಂದು ಫ್ಯಾನ್ ಹಾಕಿದ್ರೆ...’

‘ಶನಿವಾರ ಕೋಣೆ ತುಂಬಾ ಮಕ್ಕಳು. ಅವತ್ತು ಒಂದೇ ಒಂದು ಸಲ ಪರದೆ ಕಪ್ಪಾದ್ರೆ ಭಾನುವಾರ ಹೊಸ ಟಿವಿ ಹಾಕಿಸಿಬಿಡ್ತೀನಿ. ನೀವು ಯಾಕೆ ಇಷ್ಟು ಒದ್ದಾಡ್ಬೇಕು? ಮನೇಲಿ ಆರಾಮಾಗಿರಿ.’

ಬೈದಿದ್ದರೆ ಆಪರೇಟರ್ ತಡೆದುಕೊಳ್ಳುತ್ತಿದ್ದರು. ‘ಆರಾಮಾಗಿರಿ’ ಎಂದದ್ದು ಎದೆಗೆ ನಾಟಿತು. ಟಾಕೀಸಿನ ಮಾಲೀಕರು ಹೇಳಿದ ಮಾತೇ, ಅದೇ ಮೆತ್ತನೆಯ ದನಿಯಲ್ಲಿ. ಮೆಟ್ಟಿಲಡಿಯ ಗೂಡಿಗೆ ಹಿಂದಿರುಗಿ ಸ್ಟೂಲಿನ ಮೇಲೆ ಕೂತು, ಮೂರು ಫ್ಯಾನುಗಳ ಮುಂದೆ ಬೆವತರು. ಈ ಗೂಡೂ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಶುಕ್ರವಾರ ಕ್ಲಿನಿಕ್ಕಿಗೆ ಅರ್ಧ ದಿನ ರಜೆ. ಹಲ್ಲಿನ ಕುರ್ಚಿಯನ್ನು ಸರ್ವೀಸ್ ಮಾಡಲು ಮೆಕ್ಯಾನಿಕ್ ಬರುವ ದಿನ. ಮೆಕ್ಯಾನಿಕ್ ಅಂದರೆ ಒಬ್ಬ ಗಿಡ್ಡನೆಯ ಹೆಂಗಸು. ಅವಳ ಭುಜದಲ್ಲಿ ಅವಳಿಗಿಂತ ದಪ್ಪನೆಯ ಚೀಲ, ನಾಲಗೆಯ ಮೇಲೆ ಸದಾ ಒಂದು ಕೊಂಕು. ಕುರ್ಚಿಯ ಹೊಟ್ಟೆ ಬಿಚ್ಚಿ, ಗಾಳಿಯ ಪೈಪು ಊದಿ, ಕೆಲಸ ಮುಗಿಸಿ ಹೊರಡುವಾಗ ಅವಳ ಕಣ್ಣು ಮೆಟ್ಟಿಲಡಿಗೆ ಬಿತ್ತು. ಇಸ್ಪೀಟು ಎಲೆಯಷ್ಟು ಬೋರ್ಡಿಗೆ ಮೂರು ದಿಕ್ಕಿನಿಂದ ಮೂರು ಫ್ಯಾನು, ಪಕ್ಕದಲ್ಲಿ ಮುಖ ಬಾಡಿಸಿಕೊಂಡ ಒಬ್ಬ ಹಿರಿಯರು.

‘ಏನ್ ಸಾರ್ ಇದು, ತಲೆ ತಿರುಗಿ ಬಿದ್ದವರಿಗೆ ಗಾಳಿ ಹಾಕ್ತಿದ್ದೀರಾ?’

ಬೇರೆ ದಿನವಾಗಿದ್ದರೆ ಆಪರೇಟರ್ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವತ್ತು ಜಂಬಕ್ಕೆಲ್ಲ ಜಾಗವಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು, ಗುರುತಿನ ವಿಚಾರ ಒಂದನ್ನು ಬಿಟ್ಟು. ಅದು ಆಪರೇಟರುಗಳ ಒಳಗುಟ್ಟು, ಕುರ್ಚಿ ರಿಪೇರಿಯವರಿಗೆ ಯಾಕೆ? ಮೆಕ್ಯಾನಿಕ್ ಚೀಲ ಕೆಳಗಿಟ್ಟಳು. ಬೋರ್ಡು, ಅಡಾಪ್ಟರ್, ಚಾರ್ಜರ್ ಎಲ್ಲವನ್ನೂ ಕಿತ್ತು ಒಳಗೆ ಒಯ್ದು, ಹಲ್ಲು ಕೀಳುವ ಸಲಕರಣೆಗಳ ತಟ್ಟೆಯ ಮೇಲೆ ಸಾಲಾಗಿ ಇಟ್ಟು, ಮೇಲಿನ ದೊಡ್ಡ ದೀಪ ಹಾಕಿದಳು. ಅಷ್ಟೊತ್ತಿಗೆ ಹೆಂಡತಿ ಗಂಡನಿಗೆ ಊಟದ ಡಬ್ಬಿ ತಂದರು. ಬಂದವರು ಹಲ್ಲಿನ ಕುರ್ಚಿಯಿಂದ ಆದಷ್ಟು ದೂರ, ಬಾಗಿಲಿಗೆ ಬೆನ್ನು ಹಚ್ಚಿ ನಿಂತರು.

ಮೆಕ್ಯಾನಿಕ್ ಅಲ್ಲಿದ್ದ ಡಾಕ್ಟರ ಭೂತಗನ್ನಡಿಯನ್ನು ಕಣ್ಣಿಗೆ ಹಾಕಿಕೊಂಡು ಚಾರ್ಜರಿನ ಹೊಟ್ಟೆಯ ಮೇಲಿನ ಇರುವೆಯಂಥ ಅಕ್ಷರ ಓದಿದಳು.

‘ಒಂದು ಆಂಪಿಯರ್. ಈ ಬೋರ್ಡಿಗೆ ಮೂರು ಬೇಕು. ಇದು ಯಾರ ಚಾರ್ಜರು?’

‘ನಂದೇ. ಅದರಲ್ಲಿ ನನ್ನ ಫೋನೇ ನೆಟ್ಟಗೆ ಚಾರ್ಜ್ ಆಗ್ತಿರಲಿಲ್ಲ. ಅದಕ್ಕೇ ಬಿಸಾಕಿದ್ದೆ’ ಎಂದರು ಹೆಂಡತಿ ಬಾಗಿಲಿನಿಂದ.

‘ಸರಿ ಹೋಯ್ತು. ಇದರಲ್ಲಿ ಬೋರ್ಡು ಬದುಕಬೇಕು, ಎರಡು ಪೆನ್‌ಡ್ರೈವ್ ಬದುಕಬೇಕು, ಮೂರು ಫ್ಯಾನ್ ತಿರುಗಬೇಕು, ಅಷ್ಟುದ್ದ ಕೇಬಲ್ಲಿಗೆ ಚಿತ್ರ ತಳ್ಳೋಕೆ ಅಡಾಪ್ಟರ್ ಕೂಡ ಇದರಲ್ಲೇ ತಿನ್ನಬೇಕು.’

ಹೆಂಡತಿ ಕೆನ್ನೆಯ ಮೇಲಿನ ಕೈ ತೆಗೆದರು. ‘ಇಬ್ಬರಿಗೆ ಮಾಡಿದ ಅಡುಗೆಗೆ ಏಳು ಜನ ಕೂತ ಹಾಗಾಯ್ತು. ಕೊನೇಲಿ ಕೂತವರಿಗೆ ಬರೀ ಸೌಟಿನ ಸದ್ದು.’

‘ನೋಡಿ, ಅಮ್ಮನಿಗೆ ಗೊತ್ತಾಯ್ತು. ಕೊನೇಲಿ ಕೂತಿರೋದು ಈ ಅಡಾಪ್ಟರು. ಸಾರ್, ಪವರ್ ಕಮ್ಮಿ ಆದಾಗ ಈ ಬೋರ್ಡು ಹೇಳಿಯೇ ಹೇಳುತ್ತೆ. ಪರದೆ ಮೂಲೇಲಿ ಒಂದು ಮಿಂಚು ತೋರಿಸುತ್ತೆ. ನೀವು ನೋಡಲಿಲ್ವಾ?’

‘ನೋಡಿದೆ’ ಎಂದರು ಆಪರೇಟರ್.

‘ನೋಡಿ?’

‘ರೀಲು ಬದಲಾಯಿಸಿದೆ.’

ಮೆಕ್ಯಾನಿಕ್ ಭೂತಗನ್ನಡಿಯ ಮೂಲಕ ಅವರನ್ನೇ ನೋಡಿದಳು. ಅವಳ ಕಣ್ಣು ಕಿತ್ತಳೆಯಷ್ಟು ದಪ್ಪವಾಗಿ ಕಾಣುತ್ತಿತ್ತು. ಈಗ ಒಳಗುಟ್ಟು ಹೇಳದೆ ವಿಧಿಯಿರಲಿಲ್ಲ. ಎರಡು ಪ್ರೊಜೆಕ್ಟರು, ಏಳು ಸೆಕೆಂಡು, ಎರಡು ಗುರುತು, ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ಮೆಕ್ಯಾನಿಕ್ಕಿಗೆ ನಗು ತಡೆಯಲಾಗಲಿಲ್ಲ, ಹಲ್ಲಿನ ಕುರ್ಚಿಯ ಮೇಲೆಯೇ ಕುಸಿದು ಬಿದ್ದು ಹೊಟ್ಟೆ ಹಿಡಿದುಕೊಂಡಳು. ‘ಅಯ್ಯೋ ಸಾರ್! ಅದು ಹಸಿವು ಹಸಿವು ಅಂತ ಕೂಗ್ತಾ ಇದೆ, ನೀವು ಹೋಗಿ ಅದರ ಬೆನ್ನಿಗೆ ಇನ್ನೊಂದು ಮೂಟೆ ಏರಿಸಿದ್ದೀರಾ!’ ಹೆಂಡತಿಗೂ ನಗು ಬಂತು. ಹಲ್ಲು ನೋವಿನಲ್ಲಿ ನಕ್ಕರೆ ನೋವು ಹೆಚ್ಚಾಗುತ್ತದೆ, ಅದಕ್ಕೆ ಅವರು ಕೆನ್ನೆ ಹಿಡಿದುಕೊಂಡು ಅಳುತ್ತ ನಕ್ಕರು.

ಆಪರೇಟರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂವತ್ತನಾಲ್ಕು ವರ್ಷ ನಂಬಿದ ಗುರುತು ಹೀಗೆ ಕೈಕೊಟ್ಟಿತಲ್ಲ ಎಂದು ಸಿಟ್ಟೂ ಬಂತು. ಆದರೆ ಕೆಲಸ ತಿಳಿದವರು ಕೆಲಸ ಮಾಡುವುದನ್ನು ಕಂಡರೆ ಸಿಟ್ಟು ಇಟ್ಟುಕೊಳ್ಳುವುದು ಅವರಿಗೆ ಬರುವುದಿಲ್ಲ. ಎದುರಿನ ಮೊಬೈಲ್ ಅಂಗಡಿಯಿಂದ ಮೂರು ಆಂಪಿಯರಿನ ಹೊಸ ಚಾರ್ಜರ್ ತಂದು ಮೆಕ್ಯಾನಿಕ್ಕಿನ ಕೈಗೆ ಕೊಟ್ಟು, ‘ಹೇಳಮ್ಮ, ಮುಂದೇನು?’ ಎಂದರು.

‘ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.’

ಎಲ್ಲವನ್ನೂ ಮತ್ತೆ ಗೂಡಿನಲ್ಲಿ ಜೋಡಿಸಿ, ಮೊದಲು ಫ್ಯಾನುಗಳನ್ನು ಕಿತ್ತರು. ಹಳೇ ಚಾರ್ಜರಿನಲ್ಲೇ ಮಿಂಚು ಮತ್ತೆ ಹನ್ನೊಂದನೆಯ ನಿಮಿಷಕ್ಕೆ ಹಿಂದೆ ಹೋಯಿತು. ಆಮೇಲೆ ಹೊಸ ಚಾರ್ಜರ್. ಮಿಂಚು ಬರಲೇ ಇಲ್ಲ. ಆಪರೇಟರ್ ನಿಟ್ಟುಸಿರು ಬಿಡುವಷ್ಟರಲ್ಲಿ ಪರದೆ ಒಮ್ಮೆ ಕಣ್ಣು ಹೊಡೆದಂತೆ ಆರಿ ಹತ್ತಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

‘ಬೋರ್ಡಿನ ಹೊಟ್ಟೆ ತುಂಬಿದೆ. ಅಡಾಪ್ಟರಿನದು ಇನ್ನೂ ತುಂಬಿಲ್ಲ. ವೀಡಿಯೋ ಬಾಯಿಂದ ಅದಕ್ಕೆ ಸಿಗೋದು ಚಿಟಿಕೆಯಷ್ಟು. ಇಂಥಾ ಅಡಾಪ್ಟರಿಗೆ ಬೇರೆ ಪವರ್ ಕೊಡೋಕೆ ಪಕ್ಕದಲ್ಲಿ ಒಂದು ಪುಟ್ಟ ತೂತು ಇರುತ್ತೆ. ಇದಕ್ಕೆ ಯಾಕಿಲ್ಲ?’ ಮೆಕ್ಯಾನಿಕ್ ಅಡಾಪ್ಟರನ್ನು ಮತ್ತೆ ಒಳಗೆ ಒಯ್ದು ದೀಪಕ್ಕೆ ಹಿಡಿದು, ಹಲ್ಲು ನೋಡುವ ಪುಟ್ಟ ಕನ್ನಡಿಯಿಂದ ಸುತ್ತ ಹುಡುಕಿದಳು. ಒಂದು ಕಡೆ ನೀಟಾಗಿ ಕತ್ತರಿಸಿ ಅಂಟಿಸಿದ ಕಪ್ಪು ಟೇಪಿನ ತುಂಡು ಕಂಡಿತು. ‘ಇದೇನು?’

‘ಅಲ್ಲೊಂದು ತೂತಿತ್ತು. ಧೂಳು ಹೋಗದಿರಲಿ ಅಂತ ನಾನೇ ಮುಚ್ಚಿದೆ.’

‘ಅದಕ್ಕೆ ಹಾಕೋಕೆ ಡಬ್ಬೀಲಿ ಒಂದು ಗಿಡ್ಡ ವೈರು ಬಂದಿರಬೇಕಲ್ಲ? ಕಪ್ಪಗೆ?’

ಆಪರೇಟರ್ ಎದ್ದು ಹೋಗಿ ಕಿಟಕಿಯ ಸರಳಿನಿಂದ ಫ್ಯಾನು ಕಟ್ಟಿದ್ದ ವೈರನ್ನು ಬಿಚ್ಚಿ ತಂದು ತಟ್ಟೆಯ ಮೇಲೆ ಇಟ್ಟರು. ಈ ಸಲ ಮೆಕ್ಯಾನಿಕ್ ನಗಲಿಲ್ಲ. ನಗು ಖರ್ಚಾಗಿತ್ತು ಅಂತಲ್ಲ, ಅವರ ಮುಖ ನೋಡಿ ಪಾಪ ಅನಿಸಿತು. ಟೇಪು ಕಿತ್ತು, ವೈರು ಸಿಕ್ಕಿಸಿ, ಅದಕ್ಕೆ ಬೇರೆಯೇ ಪ್ಲಗ್ಗು ಕೊಟ್ಟಳು. ಎರಡು ಪೆನ್‌ಡ್ರೈವಿನ ಕರಡಿಯನ್ನೂ ಒಂದಾಗಿಸಿ ಬೋರ್ಡಿನೊಳಗಿನ ಕಾರ್ಡಿಗೇ ತುಂಬಿ, ಅವನ್ನು ಆಪರೇಟರ ಜೇಬಿಗೆ ಹಾಕಿದಳು. ‘ಇನ್ನು ಇವಕ್ಕೆ ಕೆಲಸ ಇಲ್ಲ’ ಎಂದಳು. ಅರ್ಧ ಗಂಟೆ ಮೂವರೂ ಪರದೆ ನೋಡುತ್ತ ನಿಂತರು. ಕರಡಿ ಮೊದಲ ಬಾರಿಗೆ ಸೇತುವೆ ದಾಟಿತು.

ಶನಿವಾರ ಕಾಯುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಡತಿಯೂ ಬಂದಿದ್ದರು. ಹಿಂದಿನ ದಿನ ನಕ್ಕ ನಗೆಗೆ ಹಲ್ಲು ಕೆರಳಿ ಮುಖ ಒಂದು ಕಡೆ ಊದಿತ್ತು, ಇನ್ನು ಮುಂದೂಡಲು ಅವರಿಗೆ ನೆಪಗಳೇ ಉಳಿದಿರಲಿಲ್ಲ. ಬೆಂಚಿನ ತುದಿಯಲ್ಲಿ ಸೆರಗಿನಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಅವರ ಪಕ್ಕದಲ್ಲಿ ಎರಡು ಜಡೆಯ ಒಬ್ಬ ಹುಡುಗಿ. ಅವಳ ಪಕ್ಕ ಅವಳನ್ನು ಓಡಿಹೋಗದಂತೆ ಹಿಡಿದುಕೊಂಡಿದ್ದ ಅವಳ ಅಮ್ಮ.

ಆಟ ಶುರುವಾಯಿತು. ಆಪರೇಟರ್ ಮೆಟ್ಟಿಲಡಿಯಲ್ಲಿ ನಿಂತೇ ಇದ್ದರು. ಹನ್ನೊಂದು ನಿಮಿಷವಾಯಿತು, ಅವರ ಕೈ ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ತಾನಾಗಿಯೇ ಹಿಡಿದುಕೊಂಡಿತು. ಮೂಲೆ ಖಾಲಿ. ಇಪ್ಪತ್ತು ನಿಮಿಷ. ಮೂಲೆ ಖಾಲಿ. ಕರಡಿ ಸೇತುವೆ ದಾಟಿ, ಕಾಡು ಹೊಕ್ಕು, ಒಂದು ಆಮೆಯನ್ನು ಮಾತಾಡಿಸುತ್ತಿತ್ತು. ಒಂದು ಮಗುವೂ ಅಳಲಿಲ್ಲ. ಮಗಳು ಬಾಗಿಲಿನಿಂದ ಇಣುಕಿ ಹೆಬ್ಬೆರಳು ಎತ್ತಿ, ‘ಟಿವಿ ಬೇಡಪ್ಪ!’ ಎಂದು ಹೇಳಿ ಒಳಗೆ ಹೋದಳು. ಐದುನಿಮಿಷ ಕೌಂಟರಿನಿಂದ ಗೂಡಿನತ್ತ ಬಾಗಿದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ.

‘ಅಂಕಲ್, ಇನ್ನು ನೀವು ಬರೋದೇ ಬೇಡ ಅಲ್ವಾ? ಬೆಳಗ್ಗೆ ಕಸ ಗುಡಿಸೋವಾಗ ನಾನೇ ಒಂದು ಸ್ವಿಚ್ ಒತ್ತಿದ್ರೆ ಆಯ್ತು.’

ಆಪರೇಟರ್ ಗೆದ್ದಿದ್ದರು. ಗೆದ್ದದ್ದೇ ತಪ್ಪಾಯಿತೇನೋ ಎನಿಸಿತು. ಕೆಟ್ಟು ನಿಂತಾಗ ಆ ಪೆಟ್ಟಿಗೆಗೆ ಅವರು ಬೇಕಿತ್ತು. ಸರಿಹೋದ ಮೇಲೆ ಅದಕ್ಕೆ ಯಾರೂ ಬೇಡ. ಆ ಹಾಳು ಗುರುತು ಒಂದಾದರೂ ಬರಬಾರದೇ ಎಂದು ಅವರು ಮನಸ್ಸಿನಲ್ಲೇ ಬೇಡಿಕೊಂಡರು. ಬರಲಿಲ್ಲ. ಮೆಕ್ಯಾನಿಕ್ಕಿನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

‘ರೀ’ ಎಂದು ಹೆಂಡತಿ ಕೂಗಿದರು. ‘ಅಲ್ಲಿ ಒಬ್ಬರೇ ನಿಂತು ಏನ್ ಮಾಡ್ತಿದ್ದೀರ? ಇಲ್ಲಿ ಬಂದು ಕೂತ್ಕೊಳ್ಳಿ. ನನಗೆ ಕೈಕಾಲು ನಡುಗ್ತಿದೆ.’

ಆಪರೇಟರ್ ಬಂದು ಹೆಂಡತಿಗೂ ಎರಡು ಜಡೆಯ ಹುಡುಗಿಗೂ ನಡುವೆ ಕೂತರು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಪರದೆಯ ಮುಂದೆ ಹೆಂಡತಿಯ ಪಕ್ಕ ಕೂತದ್ದು ಇದೇ ಮೊದಲು. ಹೆಂಡತಿ ಎಷ್ಟೋ ಚಿತ್ರಗಳನ್ನು ಅದೇ ಟಾಕೀಸಿನಲ್ಲಿ, ನೆತ್ತಿಯ ಮೇಲೆ ಗಂಡ ಇದ್ದಾನೆಂದು ಗೊತ್ತಿದ್ದೂ, ಪಕ್ಕದ ಸೀಟಿನಲ್ಲಿ ಕೈಚೀಲ ಇಟ್ಟುಕೊಂಡು ನೋಡಿದವರು. ಅವರು ಗಂಡನ ಮುಖವನ್ನೊಮ್ಮೆ, ಆ ಮುಖ ನೋಡುತ್ತಿದ್ದ ಕಡೆಯನ್ನೊಮ್ಮೆ ನೋಡಿದರು.

‘ಮೂಲೆ ಬಿಡಿ. ಮಧ್ಯ ನೋಡಿ.’

ಆಪರೇಟರ್ ಕಷ್ಟಪಟ್ಟು ಕಣ್ಣುಗಳನ್ನು ಎಡಕ್ಕೆ ಎಳೆದುಕೊಂಡರು. ಮಧ್ಯದಲ್ಲಿ ಬಹಳ ಜನ ಇದ್ದರು. ಕರಡಿ, ಆಮೆ, ಒಂದು ಕೋಪಿಷ್ಠ ಬಾತುಕೋಳಿ. ತಲೆಬುಡ ತಿಳಿಯಲಿಲ್ಲ.

‘ಈ ಕರಡಿಗೆ ಏನಾಗಿದೆ?’ ಎಂದು ಪಕ್ಕದ ಹುಡುಗಿಯನ್ನು ಕೇಳಿದರು.

ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಹುಡುಗಿಗೆ ದಿಗಿಲಾಯಿತು. ‘ಇವ್ನಿಗೆ ಬುದ್ಧಿನೇ ಇಲ್ಲ. ಸೋಮವಾರನೂ ಕೊಡೆ ಕಳ್ಕೊಂಡ. ಬುಧವಾರನೂ ಕಳ್ಕೊಂಡ. ಗುರುವಾರ ಬರೀ ಕಿವಿ ತೋರಿಸಿ ಓಡಿಹೋದ. ಇವತ್ತೇ ಹುಡುಕೋಕೆ ಹೊರಟಿರೋದು.’

‘ಆಮೆ ಯಾಕೆ ಮುಖ ತಿರುಗಿಸ್ತು?’

‘ಕೊಡೆ ಅದರ ಹತ್ರಾನೇ ಇದೆ. ಚಿಪ್ಪಿನೊಳಗೆ ಬಚ್ಚಿಟ್ಕೊಂಡಿದೆ. ನೀವು ನೋಡ್ಲಿಲ್ವಾ? ಎದುರಿಗೇ ಇತ್ತಲ್ಲ!’

ನೋಡಿರಲಿಲ್ಲ, ನಿಜಕ್ಕೂ. ಆಪರೇಟರ್ ಕೇಳುತ್ತ ಹೋದರು, ಹುಡುಗಿ ಹೇಳುತ್ತ ಹೋದಳು. ಅವಳ ಹಿಂದಿನ ಬೆಂಚಿನ ಇಬ್ಬರು ‘ಹಾಗಲ್ಲ, ಹೀಗೆ’ ಎಂದು ನಡುವೆ ಬಾಯಿ ಹಾಕಿದರು. ಐದುನಿಮಿಷ ಹುಡುಗಿಯ ಸರದಿ ಕೂಗಿದಾಗ ಅವಳು ಬಾತುಕೋಳಿಯ ವಿಚಾರ ಹೇಳುತ್ತಲೇ ಎದ್ದಳು, ಹೇಳುತ್ತಲೇ ಒಳಗೆ ಹೋದಳು, ಹೇಳುತ್ತಲೇ ಕುರ್ಚಿ ಹತ್ತಿದಳು. ಒಳಗಿನಿಂದ ‘ಆ...ಹೆ... ಒ...ಓಹೀ...’ ಎಂದು ಬಾಯಿ ತೆರೆದುಕೊಂಡೇ ಮುಂದುವರಿಸುವುದು ಕೇಳಿಸಿತು. ಡ್ರಿಲ್ಲು ಒಂದು ಸಲವೂ ನಿಲ್ಲಲಿಲ್ಲ.

ಮಗಳು ಮಾಸ್ಕು ಇಳಿಸಿಕೊಂಡು ಹೊರಗೆ ಬಂದಳು. ‘ಯಾರ ಪಕ್ಕ ಕೂತಿದ್ದಳು ಇವಳು? ಮೂರು ಸಲ ಬಂದ್ರೂ ನನಗೆ ಬಾಯಿ ತೋರಿಸಿರಲಿಲ್ಲ. ಇವತ್ತು ಮುಚ್ಚು ಅಂದ್ರೂ ಮುಚ್ಚಲ್ಲ.’

ಬೆಂಚಿನವರೆಲ್ಲ ಆಪರೇಟರ ಕಡೆ ಕೈ ತೋರಿಸಿದರು.

‘ನಾನೇನೂ ಮಾಡಿಲ್ಲಮ್ಮ. ನಂಗೆ ಕಥೆ ಗೊತ್ತಾಗಲಿಲ್ಲ, ಅದಕ್ಕೆ ಕೇಳಿದೆ ಅಷ್ಟೇ’ ಎಂದರು ಆಪರೇಟರ್ ಗಾಬರಿಯಿಂದ.

ಮಗಳು ಅಪ್ಪನ ಕಡೆ ತಿರುಗಿದಳು. ‘ಸೋಮವಾರ ಒಂಬತ್ತಕ್ಕೇ ಬಂದುಬಿಡಿ’ ಎಂದಳು. ‘ಈ ಬೆಂಚಲ್ಲೇ ಕೂತ್ಕೊಳ್ಳಿ. ಯಾವ ಕಥೆನೂ ಮೊದಲೇ ತಿಳ್ಕೊಂಡು ಬರಬೇಡಿ.’ ಆಮೇಲೆ ಅವಳ ದನಿ ಡಾಕ್ಟರಿನದಾಯಿತು. ‘ಅಮ್ಮ, ಈಗ ನಿನ್ನ ಸರದಿ.’

ಹೆಂಡತಿ ಏಳಲಿಲ್ಲ. ಗಂಡನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡರು. ‘ನೀವೂ ಬನ್ನಿ’ ಎಂದರು. ಹನ್ನೊಂದು ಗಂಟೆಯ ಆ ಆಸ್ಪತ್ರೆಯ ಕೋಣೆ ಆ ಎರಡು ಮಾತಿನಲ್ಲಿ ಪೂರ್ತಿ ಇತ್ತು, ಈ ಸಲ ಆಪರೇಟರಿಗೆ ಅದು ತಿಳಿಯಿತು.

ಅವರು ಪರದೆ ನೋಡಿದರು. ಆಮೆ ಚಿಪ್ಪಿನಿಂದ ಕೊಡೆಯ ಹಿಡಿಯನ್ನು ಹೊರಗೆ ತೆಗೆಯುತ್ತಿತ್ತು. ಆಟ ನಡೆಯುವಾಗ ಜಾಗ ಬಿಟ್ಟು ಎದ್ದುಹೋಗುವುದು ಅವರ ಜನ್ಮದಲ್ಲಿ ಇಲ್ಲ. ಎದ್ದರು. ಜೇಬಿನಲ್ಲಿದ್ದ ಎರಡು ಪೆನ್‌ಡ್ರೈವುಗಳನ್ನು ತೆಗೆದು ಕೌಂಟರಿನ ಮೇಲಿಟ್ಟು, ಇನ್ನೊಂದು ಕೈಯಿಂದ ಹೆಂಡತಿಯ ಬೆನ್ನು ಹಿಡಿದುಕೊಂಡು ಒಳಗೆ ನಡೆದರು.

‘ಮುಂದೇನಾಗುತ್ತೆ ಅಂತ ಸ್ವಲ್ಪ ನೋಡ್ಕೊಂಡಿರಮ್ಮ, ಬಂದು ಕೇಳ್ತೀನಿ’ ಎಂದರು ಬಾಗಿಲಲ್ಲಿ ಕೌಂಟರಿನವಳ ಕಡೆ ತಿರುಗಿ. ‘ಐದೇ ನಿಮಿಷ.’